ಜಡ್ಡು ಬರುವ ಮೊದಲೇ ಓದಬೇಕಾದ ಕಾಗದ

"ಕಾಕಾ, ಕಪಾಟಿನ್ಯಾಗ ನಾಕು ಕಾಗದ ಅದಾವ. ಯಾವುದು ತರಲಿ?"

"ನಾಕೂ ತಗೊಂಡು ಬಾರವ್ವಾ. ಇಲ್ಲೇ ನೋಡೋಣ."

2025ನೆಯ ಇಸವಿಯ ಜೂನ್ ತಿಂಗಳಲ್ಲಿ ಒಂದು ರಾತ್ರಿ, ಹನ್ನೊಂದು ಗಂಟೆಯ ಸುಮಾರಿಗೆ, ಪುಣೆಯ ಒಂದು ದವಾಖಾನೆಯ ಬಾಗಿಲಲ್ಲಿ ನಿಂತು ನಾನು ನೆರೆಮನೆಯ ಸೊಸೆಯೊಡನೆ ಫೋನಿನಲ್ಲಿ ಆಡಿದ ಮಾತು ಇದು. ಅವಳ ಮಾವನವರಿಗೆ ಎದೆನೋವು ಕಾಣಿಸಿಕೊಂಡಿತ್ತು. ಮಗ ಕಂಪನಿಯ ಕೆಲಸಕ್ಕೆಂದು ಚೆನ್ನೈಗೆ ಹೋಗಿದ್ದ. ನಾನು ಹಿರಿಯರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮುಂದೆ ಬಂದೆ. ಸೊಸೆ ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ ಹಿಂದಿನಿಂದ ಬರುವವಳಿದ್ದಳು.

ಹಿರಿಯರು ಗದಗಿನ ಕಡೆಯವರು. ವಯಸ್ಸು 73. ಹೆಂಡತಿ ತೀರಿಕೊಂಡ ಬಳಿಕ ಹತ್ತು ವರುಷಗಳಿಂದ ಮಗನ ಹತ್ತಿರ ಇಲ್ಲಿಯೇ ಇದ್ದಾರೆ. ಆಧಾರ ಕಾರ್ಡೂ ಪುಣೆಯ ವಿಳಾಸಕ್ಕೇ ಇದೆ. ವೈದ್ಯರು ಒಂದು ನಿಮಿಷವೂ ತಡಮಾಡದೆ ಅವರನ್ನು ಒಳಗೆ ಕರೆದುಕೊಂಡರು; ಆ ಉಪಕಾರವನ್ನು ಮರೆಯಲಾಗದು. ಪ್ರಾಣ ಉಳಿಯಿತು. ಆದರೆ ಕೌಂಟರಿನಲ್ಲಿ ಕುಳಿತವರು "ವಿಮೆ ಇದೆಯೇ?" ಎಂದು ಮರಾಠಿಯಲ್ಲಿ ಕೇಳಿದ ಆ ಒಂದು ಸರಳ ಪ್ರಶ್ನೆಗೆ ಉತ್ತರ ಹೇಳಲು ನಮಗೆ ಬೆಳಗಿನವರೆಗೆ ಆಗಲಿಲ್ಲ.

ನಾಲ್ಕು ಕಾಗದಗಳ ಕತೆ

ಸೊಸೆ ತಂದ ನಾಲ್ಕು ಕಾಗದಗಳನ್ನು ಬೆಂಚಿನ ಮೇಲೆ ಹರವಿಕೊಂಡು ಕುಳಿತೆವು. ಮೊದಲನೆಯದು ಜೀವ ವಿಮೆ. ಬದುಕಿರುವವರ ದವಾಖಾನೆಯ ಖರ್ಚಿಗೆ ಅದು ಉಪಯೋಗವಿಲ್ಲ. ಎರಡನೆಯದು ಹಿಂದೊಮ್ಮೆ ಮಾಡಿಸಿ, ಕಂತು ಕಟ್ಟದೆ ಬಿಟ್ಟ ಪಾಲಿಸಿ. ಮೂರನೆಯದು ಮಗನ ಕಂಪನಿ ಕೊಟ್ಟ ಕಾರ್ಡು. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳ ಹೆಸರು ಇತ್ತು. ತಂದೆಯ ಹೆಸರು ಇರಲಿಲ್ಲ. ನಾಲ್ಕನೆಯದು 2021ರ ಮಾರ್ಚಿನಲ್ಲಿ ಮಾಡಿಸಿ, ತಪ್ಪದೆ ಕಂತು ಕಟ್ಟುತ್ತ ಬಂದ ಪಾಲಿಸಿ. ತಂದೆಯ ಹೆಸರು ಅದರಲ್ಲಿತ್ತು. ನಾವು ನಿಟ್ಟುಸಿರು ಬಿಟ್ಟೆವು.

ಆ ಸಮಾಧಾನ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಹಿರಿಯರು ಹತ್ತು ವರುಷಕ್ಕೂ ಹೆಚ್ಚು ಕಾಲದಿಂದ ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ವೈದ್ಯರು ಕೇಳಿದಾಗ ಅವರೇ ಹೇಳಿದರು. ಆದರೆ ಪಾಲಿಸಿಯ ಅರ್ಜಿಯಲ್ಲಿ "ಹಿಂದಿನ ಕಾಯಿಲೆ ಏನಾದರೂ ಉಂಟೇ?" ಎಂಬಲ್ಲಿ "ಇಲ್ಲ" ಎಂದು ಬರೆದಿತ್ತು. ಅರ್ಜಿ ತುಂಬಿದವನು ಏಜಂಟ, ನಮ್ಮವನೇ, ಕನ್ನಡದವನೇ. "ಬಿ.ಪಿ. ಅಂತ ಬರದರ ಕಂತು ಜಾಸ್ತಿ ಆಗತದ, ಬಿಡ್ರಿ" ಎಂದಿದ್ದನಂತೆ. ಸಹಿ ಮಾತ್ರ ಮಗನದು. ವಿಮೆಯವರು ಹಣ ಕೊಡಲಿಲ್ಲ. ಆಮೇಲೆ ಬರೆದ ದೂರಿಗೂ "ಸಹಿ ನಿಮ್ಮದೇ ಅಲ್ಲವೇ?" ಎಂಬ ಉತ್ತರ ಬಂತು. ಎರಡು ಲಕ್ಷ ಎಂಬತ್ತು ಸಾವಿರದ ಬಿಲ್ಲಿಗೆ ಸೊಸೆಯ ಬಳೆಗಳು ಅಡವು ಹೋದವು.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿಯನ್ನು ಕೇಳಿರಿ. 2021ರಲ್ಲಿಯೇ "ಬಿ.ಪಿ. ಉಂಟು" ಎಂದು ಸತ್ಯ ಬರೆದಿದ್ದರೆ ಏನಾಗುತ್ತಿತ್ತು? ಹಿಂದಿನ ಕಾಯಿಲೆಗೆ ಕಾಯಬೇಕಾದ ಅವಧಿ ಆಗ ಹೆಚ್ಚೆಂದರೆ ನಾಲ್ಕು ವರುಷ. ಅದು 2025ರ ಮಾರ್ಚಿಗೇ ಮುಗಿದುಹೋಗುತ್ತಿತ್ತು. ಜೂನಿನಲ್ಲಿ ಬಂದ ಎದೆನೋವಿಗೆ ಹಣ ದೊರೆಯುತ್ತಿತ್ತು. ಸ್ವಲ್ಪ ಕಂತು ಉಳಿಸಹೋಗಿ ಬಳೆ ಕಳೆದಂತಾಯಿತು.

ಊರಿನಲ್ಲಿದ್ದರೆ ಜಡ್ಡು ಬಿದ್ದವರ ಹಾಸಿಗೆಯ ಸುತ್ತ ಹತ್ತು ಜನ ಸೇರುತ್ತಾರೆ. ಒಬ್ಬ ವೈದ್ಯರನ್ನು ಬಲ್ಲವನು, ಒಬ್ಬ ಕಾಗದಪತ್ರ ಬಲ್ಲವನು, ಒಬ್ಬ ಕೈಯಲ್ಲಿ ನಾಲ್ಕು ಕಾಸು ಇದ್ದವನು. ಹೊಟ್ಟೆಪಾಡಿಗೆ ಪರಸ್ಥಳಕ್ಕೆ ಬಂದ ನಮಗೆ ಆ ಬಳಗ ಇಲ್ಲಿಲ್ಲ. ಅವರು ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಇಲ್ಲಿ ಕಾಗದವೇ ಮಾಡಬೇಕು. ಆದುದರಿಂದ ಆ ಕಾಗದವನ್ನು ಮೈಯಲ್ಲಿ ಸುಖವಿದ್ದಾಗಲೇ ಓದಿಡಬೇಕು. ಹೇಗೆ ಓದಬೇಕು, ದವಾಖಾನೆಯಲ್ಲಿ ಏನನ್ನು ಕೇಳಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಪಾಲಿಸಿಯಲ್ಲಿ ನೋಡಬೇಕಾದುದು

ನಮ್ಮ ದೇಶದಲ್ಲಿ ಮೆಡಿಕ್ಲೇಮ್ ಎಂಬ ಆರೋಗ್ಯ ವಿಮೆ ಆರಂಭವಾದದ್ದು 1986ರಲ್ಲಿ. ಈಗ ಎಷ್ಟೋ ಕಂಪನಿಗಳಿವೆ. ಎಲ್ಲವುಗಳ ಮೇಲೆ ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರದ ಕಣ್ಣಿದೆ. ಪಾಲಿಸಿಯ ಪುಸ್ತಕ ದಪ್ಪಗಿರುತ್ತದೆ, ಅಕ್ಷರ ಸಣ್ಣದಿರುತ್ತದೆ ಎಂಬುದು ನಿಜ. ಆದರೆ 2024ರ ಜನವರಿಯಿಂದ ಪ್ರತಿ ಪಾಲಿಸಿಯೊಡನೆ ಮುಖ್ಯ ಸಂಗತಿಗಳನ್ನೆಲ್ಲ ಸರಳವಾಗಿ ಬರೆದ ಒಂದು ಮಾಹಿತಿ ಹಾಳೆಯನ್ನು ಕೊಡಲೇಬೇಕೆಂದು ಪ್ರಾಧಿಕಾರ ಗೊತ್ತುಪಡಿಸಿದೆ. ಬೇಕೆಂದು ಕೇಳಿದವರಿಗೆ ಅದನ್ನು ದೇಶಭಾಷೆಯಲ್ಲಿಯೂ ಕೊಡಬೇಕು. ಇಂಗ್ಲಿಷು ಬಾರದ ಗೃಹಿಣಿಯರೂ ಹಿರಿಯರೂ ಸಂಕೋಚಪಡದೆ ಕೇಳಿ ತರಿಸಿಕೊಳ್ಳಿರಿ.

ಪಾಲಿಸಿ ಕೈಗೆ ಬಂದ ಮೇಲೆ ಅದನ್ನು ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಆ ದಿನಗಳಲ್ಲಿ ಮನೆಯವರೆಲ್ಲ ಕುಳಿತು ಅರ್ಜಿಯ ನಕಲನ್ನು ಒಮ್ಮೆ ಓದಬೇಕು. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್, ಹಿಂದೆ ಆದ ಶಸ್ತ್ರಕ್ರಿಯೆ ಇವುಗಳಲ್ಲಿ ಯಾವುದೇ ಬಿಟ್ಟುಹೋಗಿದ್ದರೆ ಕೂಡಲೆ ಬರೆದು ತಿಳಿಸಬೇಕು. ಹಿಂದಿನ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು 2024ರಲ್ಲಿ ಹೆಚ್ಚೆಂದರೆ ಮೂರು ವರುಷಕ್ಕೆ ಇಳಿಸಲಾಗಿದೆ. ಪಾಲಿಸಿ ಬಿಡದೆ ಐದು ವರುಷ ನಡೆದ ಬಳಿಕ, ಮೋಸವನ್ನು ಸಿದ್ಧಪಡಿಸಿ ತೋರಿಸಿದ ಹೊರತು, "ನೀವು ಹಿಂದೆ ಹೇಳಿರಲಿಲ್ಲ" ಎಂಬ ನೆಪದಿಂದ ಕಂಪನಿ ಹಣ ನಿರಾಕರಿಸುವಂತಿಲ್ಲ. ನಮ್ಮ ನೆರೆಮನೆಯವರದು ನಾಲ್ಕು ವರುಷ ಮೂರು ತಿಂಗಳಾಗಿತ್ತು.

ಕಂತನ್ನು ದಿನ ತಪ್ಪದಂತೆ ಕಟ್ಟಬೇಕು. ವರುಷಕ್ಕೊಮ್ಮೆ ಕಟ್ಟುವವರಿಗೆ ಗಡುವಿನ ಮೇಲೆ 30 ದಿನಗಳ ರಿಯಾಯಿತಿ ಉಂಟು; ಅದನ್ನೂ ದಾಟಿದರೆ ಕಾದ ವರುಷಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಒಮ್ಮೆ ಕ್ಲೇಮು ಮಾಡಿದಿರೆಂಬ ಕಾರಣಕ್ಕೆ ಮುಂದಿನ ವರುಷ ಪಾಲಿಸಿ ನವೀಕರಿಸುವುದಿಲ್ಲವೆಂದು ಕಂಪನಿ ಹೇಳುವಂತಿಲ್ಲ. ಕಂಪನಿ ಹಿಡಿಸದಿದ್ದರೆ ಕಾದ ಅವಧಿಯನ್ನು ಕಳೆದುಕೊಳ್ಳದೆ ಬೇರೆ ಕಂಪನಿಗೆ ಹೋಗಬಹುದು. ಅದಕ್ಕೆ ನವೀಕರಣದ ತಾರೀಖಿಗಿಂತ 45 ದಿನ ಮೊದಲೇ ಅರ್ಜಿ ಹಾಕಬೇಕು. ಮನೆಯವರ ಸ್ವಂತ ಆರೋಗ್ಯ ವಿಮೆಯ ಕಂತಿನ ಮೇಲೆ ಮೊದಲು 18 ಪ್ರತಿಶತ ಇದ್ದ ಜಿ.ಎಸ್.ಟಿ. ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ ಎಂಬುದೂ ನೆನಪಿರಲಿ.

ಹಿಂಜವಡಿ, ಖರಾಡಿ, ಚಿಂಚವಡ ಕಡೆಗಳಲ್ಲಿ ದುಡಿಯುವ ನಮ್ಮ ತರುಣರು "ಕಂಪನಿಯದೇ ವಿಮೆ ಉಂಟಲ್ಲ" ಎಂದು ನಿಶ್ಚಿಂತರಾಗಿರುತ್ತಾರೆ. ಅವರು ಎರಡು ಸಂಗತಿ ನೋಡಿಕೊಳ್ಳಬೇಕು. ತಂದೆತಾಯಿಗಳ ಹೆಸರು ಅದರಲ್ಲಿದೆಯೇ? ಕೆಲಸ ಬಿಟ್ಟರೆ ವಿಮೆ ಏನಾಗುತ್ತದೆ? ಸಾಮಾನ್ಯವಾಗಿ ನೌಕರಿಯೊಡನೆ ಅದೂ ಹೋಗುತ್ತದೆ. ಬಿಡುವ ಮೊದಲು ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ಮಾರ್ಗವನ್ನು ವಿಚಾರಿಸಬೇಕು.

ಕೋಣೆಯ ಬಾಡಿಗೆಯ ಲೆಕ್ಕ

ಇನ್ನೊಂದು ಸಣ್ಣ ಸಾಲು ಎಷ್ಟೋ ಜನರಿಗೆ ಪೆಟ್ಟು ಕೊಟ್ಟಿದೆ. ಹಲವು ಪಾಲಿಸಿಗಳಲ್ಲಿ ಕೋಣೆಯ ಬಾಡಿಗೆಗೆ ಮಿತಿ ಇರುತ್ತದೆ. ಐದು ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇಕಡಾ ಒಂದು, ಅಂದರೆ 5,000 ರೂಪಾಯಿ, ಎಂದು ಇಟ್ಟುಕೊಳ್ಳೋಣ. ರೋಗಿಗೆ ಚೆನ್ನಾಗಿರಲಿ ಎಂದು ದಿನಕ್ಕೆ 10,000 ರೂಪಾಯಿಯ ಕೋಣೆ ಹಿಡಿದಿರಿ. ನಾಲ್ಕು ದಿನಕ್ಕೆ ಹೆಚ್ಚಿನ 20,000 ಕೈಯಿಂದ ಹೋದರೆ ಹೋಗಲಿ ಎಂದು ನಿಮ್ಮ ಎಣಿಕೆ. ಲೆಕ್ಕ ಹಾಗಿಲ್ಲ. ಅರ್ಧ ಬಾಡಿಗೆಗೆ ಮಾತ್ರ ಅರ್ಹತೆ ಇದ್ದುದರಿಂದ ವೈದ್ಯರ ಶುಲ್ಕ, ಶಸ್ತ್ರಕ್ರಿಯೆಯ ಕೋಣೆಯ ಶುಲ್ಕ, ದಾದಿಯರ ಶುಲ್ಕ ಇವುಗಳಲ್ಲಿಯೂ ಅರ್ಧವನ್ನು ಕಡಿಯುತ್ತಾರೆ. ಇವು 1,60,000 ಆಗಿದ್ದರೆ ದೊರೆಯುವುದು 80,000. ಕೋಣೆಯ 40,000ದಲ್ಲಿ ದೊರೆಯುವುದು 20,000. ಔಷಧ, ತಪಾಸಣೆ ಮುಂತಾದ 1,00,000ಕ್ಕೆ ಈ ಕಡಿತವಿಲ್ಲ. ಒಟ್ಟು ಮೂರು ಲಕ್ಷದ ಬಿಲ್ಲಿಗೆ ಎರಡು ಲಕ್ಷ ಬಂತು. ಒಂದು ಲಕ್ಷ ನಿಮ್ಮ ತಲೆಯ ಮೇಲೆ. ಆದುದರಿಂದ ಕೋಣೆ ಆರಿಸುವಾಗ "ನಮ್ಮ ಪಾಲಿಸಿಯಲ್ಲಿ ಎಷ್ಟರ ಕೋಣೆಗೆ ಅವಕಾಶವಿದೆ?" ಎಂದು ಕೇಳಿಯೇ ಒಪ್ಪಬೇಕು.

ಇದಲ್ಲದೆ ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮೊಣಕಾಲಿನ ಕೀಲು ಬದಲಿಸುವುದು ಮುಂತಾದವುಗಳಿಗೆ ಪ್ರತ್ಯೇಕ ಕಾಯುವ ಅವಧಿ ಇರುತ್ತದೆ. ಹೊಸ ಪಾಲಿಸಿಯ ಮೊದಲ 30 ದಿನಗಳಲ್ಲಿ ಸಾಮಾನ್ಯವಾಗಿ ಅಪಘಾತಕ್ಕೆ ಮಾತ್ರ ಹಣ ದೊರೆಯುವುದು. ಬಿಲ್ಲಿನಲ್ಲಿ ಒಂದು ಪಾಲನ್ನು ನೀವೇ ಕೊಡಬೇಕೆಂಬ ಕರಾರು ಹಿರಿಯರ ಪಾಲಿಸಿಗಳಲ್ಲಿ ಹೆಚ್ಚು. ಇವು ಮೂರನ್ನೂ ಗುರುತು ಹಾಕಿ ಇಟ್ಟುಕೊಳ್ಳಿರಿ.

ದವಾಖಾನೆಗೆ ಸೇರುವಾಗ, ಬಿಡುವಾಗ

ವಿಮೆಯ ಕಂಪನಿಯ ಪಟ್ಟಿಯಲ್ಲಿರುವ ದವಾಖಾನೆಗೆ ಸೇರಿದರೆ ಕಂಪನಿಯೇ ನೇರವಾಗಿ ಹಣ ಕೊಡುತ್ತದೆ. ಇದಕ್ಕೆ ಕ್ಯಾಶ್‌ಲೆಸ್ ಎನ್ನುತ್ತಾರೆ. ಮನೆಗೆ ಹತ್ತಿರವಿರುವ ಅಂಥ ಎರಡು ದವಾಖಾನೆಗಳ ಹೆಸರು ಎಲ್ಲರಿಗೂ ತಿಳಿದಿರಲಿ. ಮೊದಲೇ ಗೊತ್ತಾದ ಶಸ್ತ್ರಕ್ರಿಯೆಯಿದ್ದರೆ ಎರಡು ಮೂರು ದಿನ ಮುಂಚೆ, ತುರ್ತು ಇದ್ದರೆ ಸೇರಿದ 24 ಗಂಟೆಯೊಳಗೆ ಕಂಪನಿಗೆ ತಿಳಿಸುವುದು ಒಳ್ಳೆಯದು.

2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಹೊರಡಿಸಿದ ಆದೇಶದಂತೆ, ದವಾಖಾನೆಯಿಂದ ಕೋರಿಕೆ ಬಂದ ಒಂದು ಗಂಟೆಯೊಳಗೆ ಕ್ಯಾಶ್‌ಲೆಸ್ ವಿಷಯದಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ಮನೆಗೆ ಕಳಿಸುವ ದಿನ ಕೊನೆಯ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ದವಾಖಾನೆಯವರು ಹೆಚ್ಚಿಗೆ ಹಣ ಹಾಕಿದರೆ ಅದನ್ನು ಭರಿಸಬೇಕಾದವರು ಕಂಪನಿಯವರು. ಸಂಜೆಯವರೆಗೆ ಗಂಟುಮೂಟೆ ಕಟ್ಟಿಕೊಂಡು ಕುಳಿತ ಅನುಭವ ನಮ್ಮಲ್ಲಿ ಬಹಳ ಜನರಿಗಿದೆ. ಗಡಿಯಾರ ನೋಡಿ ಸೌಮ್ಯವಾಗಿ ಈ ನಿಯಮವನ್ನು ನೆನಪಿಸಿರಿ.

ವಿಮೆ ಇಲ್ಲದವರಿಗೆ ಇರುವ ದಾರಿ

ನಮ್ಮ ಸಮಾಜದಲ್ಲಿ ಎಲ್ಲರೂ ವಿಮೆ ಮಾಡಿಸಬಲ್ಲವರಲ್ಲ. ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವ ಹುಡುಗರಿದ್ದಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕಟ್ಟುವ ಕುಟುಂಬಗಳಿವೆ. ಅವರಿಗೆ ಈ ಸಂಗತಿಗಳನ್ನು ತಿಳಿಸುವ ಹೊಣೆ ಓದುಬರಹ ಬಲ್ಲ ನಮ್ಮದು.

ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯ ಪ್ರಕಾರ ಧರ್ಮಾರ್ಥ ದವಾಖಾನೆಗಳು ತಮ್ಮ ಹಾಸಿಗೆಗಳಲ್ಲಿ 10 ಪ್ರತಿಶತವನ್ನು ಕಡುಬಡವರಿಗೆ ಉಚಿತವಾಗಿಯೂ, ಇನ್ನು 10 ಪ್ರತಿಶತವನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಕೊಡಬೇಕು. 2006ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಇದಕ್ಕೊಂದು ಯೋಜನೆಯನ್ನೇ ರೂಪಿಸಿ ಜಾರಿಗೆ ತಂದಿತು. ಪುಣೆಯ ಕೆ.ಇ.ಎಂ., ಜಹಾಂಗೀರ, ರೂಬಿ ಹಾಲ್, ಪೂನಾ ಹಾಸ್ಪಿಟಲ್, ದೀನಾನಾಥ ಮಂಗೇಶಕರ ಇವೆಲ್ಲ ಈ ವ್ಯವಸ್ಥೆಗೆ ಸೇರಿದವು. ವಿಶಾಲವಾದ ಕಟ್ಟಡ ಕಂಡು ಬಡವರು ಬಾಗಿಲಿನಿಂದಲೇ ಹಿಂದಿರುಗಬೇಕಾಗಿಲ್ಲ. ರೇಷನ್ ಕಾರ್ಡು ಅಥವಾ ತಹಶೀಲದಾರರ ಆದಾಯದ ದಾಖಲೆ ತೆಗೆದುಕೊಂಡು ಹೋಗಿ, ಅಲ್ಲಿಯ ಸಮಾಜಸೇವಕರನ್ನು ಕೇಳಬೇಕು. ಆದಾಯದ ಮಿತಿ ಆಗಾಗ ಬದಲಾಗುವುದರಿಂದ ಅದನ್ನೂ ಅವರಿಂದಲೇ ತಿಳಿದುಕೊಳ್ಳಬೇಕು.

ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮಹಾರಾಷ್ಟ್ರದ ರೇಷನ್ ಕಾರ್ಡು ಇದ್ದವರಿಗೆ. ಕೇಂದ್ರ ಸರಕಾರದ ಆಯುಷ್ಮಾನ್ ಭಾರತ ಯೋಜನೆ 2018ರಲ್ಲಿ ಆರಂಭವಾಯಿತು. ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ, ಪಟ್ಟಿಯಲ್ಲಿರುವ ದವಾಖಾನೆಗಳಲ್ಲಿ. 2024ರ ಅಕ್ಟೋಬರ್ 29ರಿಂದ 70 ವರುಷ ತುಂಬಿದ ಹಿರಿಯರಿಗೆ, ಶ್ರೀಮಂತರಿರಲಿ ಬಡವರಿರಲಿ, ಆಯುಷ್ಮಾನ್ ಕಾರ್ಡು ಮಾಡಿಸುವ ಅವಕಾಶ ಬಂದಿದೆ. ಖಾಸಗಿ ವಿಮೆ ಇದ್ದವರೂ ಮಾಡಿಸಬಹುದು. ಆಧಾರವಿದ್ದರೆ ಸಾಕು, ಒಂದು ಪೈಸೆಯ ಕಂತಿಲ್ಲ. ನಮ್ಮ ನೆರೆಮನೆಯ ಹಿರಿಯರಿಗೆ ಆಗ 73. ಕಾರ್ಡು ಮಾಡಿಸಲು ಏಳು ತಿಂಗಳು ಸಮಯವಿತ್ತು. ನಮಗಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಊರಿನ ವಿಳಾಸದ ಆಧಾರವಿರುವ ತಂದೆತಾಯಿಗಳನ್ನು ಇಲ್ಲಿಗೆ ಕರೆತರುವವರು ಅವರ ಕಾರ್ಡು ಇಲ್ಲಿ ನಡೆಯುವುದೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ರೋಗಿಯ ಹಕ್ಕುಗಳು

ವೈದ್ಯರನ್ನು ದೇವರೆಂದು ಕಾಣುವುದು ನಮ್ಮ ಸಂಸ್ಕಾರ. ಅದು ಒಳ್ಳೆಯದೇ. ಆದರೆ ದೇವರ ಮುಂದೆಯೂ ಭಕ್ತ ತನ್ನ ಕಷ್ಟ ಹೇಳಿ, ಪ್ರಶ್ನೆ ಕೇಳುತ್ತಾನಲ್ಲವೇ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಯ 17 ಹಕ್ಕುಗಳ ಸನದನ್ನು ಸಿದ್ಧಪಡಿಸಿತು. ಮಹಾರಾಷ್ಟ್ರ ಸರಕಾರ 2021ರಲ್ಲಿ ನರ್ಸಿಂಗ್ ಹೋಮುಗಳ ನಿಯಮಗಳನ್ನು ತಿದ್ದಿ, ರೋಗಿಯ ಹಕ್ಕುಗಳ ಫಲಕವನ್ನೂ ಮುಖ್ಯ ದರಗಳ ಪಟ್ಟಿಯನ್ನೂ ಎದ್ದು ಕಾಣುವಂತೆ ಹಾಕಬೇಕೆಂದು ವಿಧಿಸಿತು. ಮುಂದಿನ ಸಲ ದವಾಖಾನೆಗೆ ಹೋದಾಗ ಆ ಫಲಕವನ್ನು ಹುಡುಕಿ ಓದಿರಿ.

ತುರ್ತು ರೋಗಿಗೆ ಮೊದಲು ಚಿಕಿತ್ಸೆ, ಆಮೇಲೆ ಹಣದ ಮಾತು. ಪ್ರಾಣ ಉಳಿಸುವುದು ವೈದ್ಯರ ಮೊದಲ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಹೇಳಿದೆ. 2025ರ ಏಪ್ರಿಲಿನಲ್ಲಿ ಠೇವಣಿಯ ವಿಷಯ ಪುಣೆಯಲ್ಲಿ ದೊಡ್ಡ ಕೋಲಾಹಲವಾದಾಗ, ತುರ್ತು ರೋಗಿಗಳಿಂದ ಮುಂಗಡ ಕೇಳಕೂಡದೆಂದು ಮಹಾನಗರಪಾಲಿಕೆ ಖಾಸಗಿ ದವಾಖಾನೆಗಳಿಗೆ ತಾಕೀತು ಮಾಡಿತು.

ಕಾಯಿಲೆ ಏನು, ಚಿಕಿತ್ಸೆ ಏನು, ಬೇರೆ ಮಾರ್ಗವಿದೆಯೇ, ಅಂದಾಜು ಖರ್ಚೆಷ್ಟು ಎಂಬುದನ್ನು ತಿಳಿಯುವ ಮಾತಿನಲ್ಲಿ ಹೇಳಿಸಿಕೊಳ್ಳುವುದು ರೋಗಿಯ ಹಕ್ಕು. ತಿಳಿದು ಕೊಟ್ಟ ಒಪ್ಪಿಗೆಯೇ ಒಪ್ಪಿಗೆ. ಒಂದಕ್ಕೆ ಒಪ್ಪಿಗೆ ಪಡೆದು, ಪ್ರಾಣಕ್ಕೆ ಅಪಾಯವಿಲ್ಲದಾಗ ಇನ್ನೊಂದು ಶಸ್ತ್ರಕ್ರಿಯೆ ಮಾಡುವಂತಿಲ್ಲವೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಮರಾಠಿ, ಇಂಗ್ಲಿಷು ತಿಳಿಯದಿದ್ದರೆ "ಓದಿ ಹೇಳುವವರು ಬರುವತನಕ ತಾಳಿರಿ" ಎನ್ನಲು ನಾಚಿಕೆ ಬೇಡ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬಹುದು. ಔಷಧವನ್ನು ದವಾಖಾನೆಯ ಅಂಗಡಿಯಲ್ಲಿಯೇ ಕೊಳ್ಳಬೇಕೆಂಬ ಬಲವಂತವಿಲ್ಲ. ಹೆಣ್ಣುಮಕ್ಕಳನ್ನು ಗಂಡಸು ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಹತ್ತಿರವಿರಬೇಕೆಂದು ಕೇಳಬಹುದು.

ಬಿಲ್ಲನ್ನು ಬಾಬುವಾರು ವಿವರವಾಗಿ ಕೇಳಿ ಪಡೆಯಿರಿ. ಕೇಸ್ ಪೇಪರಿನ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಗಳು ಹೇಳುತ್ತವೆ. ಹಣದ ತಕರಾರಿಗಾಗಿ ರೋಗಿಯನ್ನಾಗಲಿ, ತೀರಿಕೊಂಡವರ ದೇಹವನ್ನಾಗಲಿ ತಡೆದಿಡುವಂತಿಲ್ಲ.

ಹಕ್ಕಿನ ಜೊತೆಗೆ ಕರ್ತವ್ಯವೂ ಉಂಟು. ಹಿಂದಿನ ಕಾಯಿಲೆಯನ್ನು ವೈದ್ಯರಿಂದ ಮುಚ್ಚಿಡಬಾರದು. ಕೂಗಾಡುವುದು, ಕೈಮಾಡುವುದು ಹಕ್ಕಲ್ಲ, ಅಪರಾಧ. ಶಾಂತವಾಗಿ ಕೇಳಿ, ಕಾಗದದ ಮೇಲೆ ಬರೆಯಿಸಿಕೊಂಡವರ ಕೆಲಸವೇ ಕೊನೆಗೆ ಆಗುವುದು.

ದೂರು ಕೊಡಬೇಕಾದಾಗ

ವಿಮೆಯವರು ಹಣ ನಿರಾಕರಿಸಿದರೆ ಪಾಲಿಸಿಯ ಯಾವ ಕಲಮಿನ ಪ್ರಕಾರ ಎಂಬುದನ್ನು ಬರಹದಲ್ಲಿ ಕೇಳಿರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. 30 ದಿನ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಒಂದು ವರುಷದೊಳಗೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಅವರ ಕಚೇರಿ ಪುಣೆಯಲ್ಲಿಯೇ ಇದೆ. ವಕೀಲರು ಬೇಡ, ಶುಲ್ಕವೂ ಇಲ್ಲ. 50 ಲಕ್ಷದವರೆಗಿನ ವ್ಯಾಜ್ಯವನ್ನು ಅವರು ವಿಚಾರಿಸುತ್ತಾರೆ.

ದವಾಖಾನೆಯ ಮೇಲಿನ ದೂರನ್ನು ಮಹಾನಗರಪಾಲಿಕೆಯ ಆರೋಗ್ಯ ಇಲಾಖೆಗೆ ಕೊಡಬಹುದು. ಧರ್ಮಾರ್ಥ ದವಾಖಾನೆಯಾದರೆ ಚಾರಿಟಿ ಕಮಿಶನರರ ಕಚೇರಿಗೂ ಕೊಡಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. 2019ರ ಕಾಯಿದೆಯಂತೆ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರುಷದೊಳಗೆ ದೂರು ಹಾಕಬಹುದು. ಊರಿನಲ್ಲಿ ಮಾಡಿಸಿದ ಪಾಲಿಸಿಯ ತಕರಾರಿಗೆ ಊರಿಗೇ ಓಡಬೇಕಾಗಿಲ್ಲ.

ಕಪಾಟಿನ ಬಾಗಿಲಿಗೆ ಒಂದು ಚೀಟಿ

ಇಷ್ಟೆಲ್ಲ ನೆನಪಿಡುವುದು ಹೇಗೆ ಎಂದು ಗೃಹಿಣಿಯರು ಕೇಳಬಹುದು. ನೆರೆಮನೆಯ ಸೊಸೆ ಇದಕ್ಕೊಂದು ಉಪಾಯ ಮಾಡಿದ್ದಾಳೆ. ಹಳೆಯ ಮತ್ತು ನಡೆಯದ ಕಾಗದಗಳನ್ನು ಬೇರೆ ಕಟ್ಟಿಟ್ಟಿದ್ದಾಳೆ. ನಡೆಯುವ ಪಾಲಿಸಿ, ಕಾರ್ಡುಗಳು, ಆಧಾರದ ನಕಲು, ಹಿರಿಯರ ಗುಳಿಗೆಗಳ ಪಟ್ಟಿ, ಹಿಂದಿನ ತಪಾಸಣೆಯ ಕಾಗದ ಇವನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಹಾಕಿದ್ದಾಳೆ. ಕಪಾಟಿನ ಬಾಗಿಲ ಒಳಗೆ ಕನ್ನಡದಲ್ಲಿ ಬರೆದ ಒಂದು ಚೀಟಿ ಅಂಟಿಸಿದ್ದಾಳೆ. ಅದರಲ್ಲಿ ಪಾಲಿಸಿಯ ನಂಬರು, ಕಂತಿನ ತಾರೀಖು, ಕೋಣೆಯ ಬಾಡಿಗೆಯ ಮಿತಿ, ಹತ್ತಿರದ ಎರಡು ದವಾಖಾನೆಗಳ ಹೆಸರು, ಆಂಬುಲೆನ್ಸಿನ 108 ಇವೆ. ಹತ್ತು ವರುಷದ ಮಗಳಿಗೂ ಅದು ಬಾಯಿಪಾಠ.

ಹಿರಿಯರು ಈಗ ಸುಖವಾಗಿದ್ದಾರೆ. ಸಂಜೆ ಗಣಪತಿಯ ಗುಡಿಯತನಕ ನಡೆದು ಬರುತ್ತಾರೆ. ಆಯುಷ್ಮಾನ್ ಕಾರ್ಡು ಬಂದಿದೆ. ಪಾಲಿಸಿಯವರಿಗೂ ಬಿ.ಪಿ.ಯ ಸಂಗತಿಯನ್ನು ಬರೆದು ತಿಳಿಸಿದ್ದಾರೆ. ಬಳೆಗಳು ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ಮೊನ್ನೆ ನಾನು ಅವರ ಮನೆಗೆ ಹೋದಾಗ ಸೊಸೆ ಚಹಾ ಕೊಡುತ್ತ ಕೇಳಿದಳು: "ಕಾಕಾ, ನಿಮ್ಮ ಮನ್ಯಾಗಿನ ಕಾಗದ ಎಲ್ಲೆ ಅದಾವ, ಕಾಕೂಗೆ ಗೊತ್ತದ ಏನು?"

ನಾನು ಉತ್ತರ ಕೊಡದೆ ಚಹಾ ಕುಡಿದು ಎದ್ದೆ. ಅದೇ ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಕಪಾಟನ್ನೂ ತೆಗೆದು, ಇಬ್ಬರೂ ಕುಳಿತು ಓದಿದೆವು. ವಾಚಕರೂ ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಅದೊಂದು ಕೆಲಸ ಮಾಡಿದರೆ ಈ ಲೇಖನ ಬರೆದದ್ದು ಸಾರ್ಥಕ.